ಒಂದೇ ಗುಳಿಗೆ, ಬೇರೆ ಬೇರೆ ಮೈ

ಹುಟ್ಟಿದ ಕೆಲವೇ ವಾರಗಳಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಮಕ್ಕಳಿಗೆ ಬದುಕಿಡೀ ಇನ್ಸುಲಿನ್ ಸೂಜಿಯೇ ಗತಿ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. 2006ರಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನ ಆಂಡ್ರ್ಯೂ ಹ್ಯಾಟರ್ಸ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ವರದಿ ಆ ನಂಬಿಕೆಯನ್ನು ಅಲುಗಾಡಿಸಿತು. ಇಂಥ 49 ಮಂದಿಗೆ ಅವರು ಗುಳಿಗೆ ಕೊಟ್ಟು ನೋಡಿದ್ದರು. ಅವರಲ್ಲಿ ಮೂರು ತಿಂಗಳ ಕೂಸೂ ಇತ್ತು, 36 ವರ್ಷದವರೂ ಇದ್ದರು. 44 ಮಂದಿಗೆ ಇನ್ಸುಲಿನ್ ಬೇಡವೇ ಆಯಿತು. ಕೊಟ್ಟದ್ದು ಹೊಸ ಔಷಧವೇನಲ್ಲ, ದೊಡ್ಡವರ ಸಕ್ಕರೆ ಕಾಯಿಲೆಗೆ ದಶಕಗಳಿಂದ ಬರೆದುಕೊಡುತ್ತಿದ್ದ ಅಗ್ಗದ ಸಲ್ಫೋನೈಲ್‌ಯೂರಿಯಾ ಗುಂಪಿನ ಗುಳಿಗೆ, ಗ್ಲಿಬೆನ್‌ಕ್ಲಮೈಡ್‌ನಂಥದ್ದು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಸೂಜಿಯ ಕಾಲದಲ್ಲಿ 8.1 ಇದ್ದದ್ದು ಗುಳಿಗೆ ಶುರುವಾದ ಮೇಲೆ 6.4ಕ್ಕೆ ಇಳಿಯಿತು.

ಇದು ಹೇಗಾಯಿತು ಎಂದು ತಿಳಿಯಲು ಮೇದೋಜೀರಕ ಗ್ರಂಥಿಯ ಬೀಟಾ ಕೋಶದ ಒಳಗೆ ಇಣುಕಬೇಕು. ಆ ಕೋಶದ ಗೋಡೆಯಲ್ಲಿ ಪೊಟ್ಯಾಶಿಯಂ ಹೊರಹರಿಯುವ ಸಣ್ಣ ಸಣ್ಣ ದಾರಿಗಳಿವೆ. ಅವನ್ನು ಕೆರೆಯ ತೂಬು ಎಂದುಕೊಳ್ಳಿ. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಕೋಶ ಅದನ್ನು ಉರಿಸಿ ಎಟಿಪಿ ಎಂಬ ಶಕ್ತಿಯ ಕಣವನ್ನು ತಯಾರಿಸುತ್ತದೆ. ಎಟಿಪಿ ಬಂದು ತೂಬನ್ನು ಮುಚ್ಚುತ್ತದೆ. ಹೊರಹೋಗುವುದು ನಿಂತ ಕೂಡಲೇ ಒಳಗೆ ವಿದ್ಯುದಂಶ ತುಂಬುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಸಕ್ಕರೆ ಏರಿದರೆ ಈ ದಾರಿ ಮುಚ್ಚುತ್ತದೆಂದು 1984ರಲ್ಲಿ ಕಂಡುಕೊಂಡವರು ಫ್ರಾನ್ಸಸ್ ಆಶ್‌ಕ್ರಾಫ್ಟ್. ಇಪ್ಪತ್ತು ವರ್ಷಗಳ ನಂತರ, 2004ರಲ್ಲಿ, ಆನಾ ಗ್ಲಾಯ್ನ್, ಹ್ಯಾಟರ್ಸ್ಲಿ ಮತ್ತಿತರರು ನವಜಾತ ಮಕ್ಕಳ ಸಕ್ಕರೆ ಕಾಯಿಲೆಗೂ ಈ ತೂಬಿಗೂ ಇರುವ ನಂಟನ್ನು ಹಿಡಿದರು. ತೂಬನ್ನು ಕಟ್ಟುವ ಕೆಸಿಎನ್‌ಜೆ11 ಎಂಬ ಜೀನ್‌ನಲ್ಲಿ ಒಂದಕ್ಷರ ಬದಲಾಗಿದ್ದರೂ ಸಾಕು, ಎಟಿಪಿ ಎಷ್ಟು ಒತ್ತಿದರೂ ತೂಬು ಮುಚ್ಚುವುದಿಲ್ಲ. ಕೋಶದಲ್ಲಿ ಇನ್ಸುಲಿನ್ ತಯಾರಿದೆ, ಹೊರಗೆ ಬರಲು ಅಪ್ಪಣೆ ಸಿಗುತ್ತಿಲ್ಲ. ಸಲ್ಫೋನೈಲ್‌ಯೂರಿಯಾ ಎಟಿಪಿಯ ಹಂಗಿಲ್ಲದೆ, ಬೇರೊಂದು ಕಡೆ ಅಂಟಿಕೊಂಡು ಅದೇ ತೂಬನ್ನು ಮುಚ್ಚಿಬಿಡುತ್ತದೆ. ಆ ಮಕ್ಕಳಿಗೆ ಗುಳಿಗೆ ಹಿಡಿದದ್ದರ ಗುಟ್ಟು ಇಷ್ಟೇ. ಹತ್ತು ವರ್ಷಗಳ ನಂತರ ಇಂಥ 81 ಮಂದಿಯನ್ನು ಮತ್ತೆ ನೋಡಿದಾಗ ಶೇ. 93 ಜನ ಇನ್ನೂ ಅದೇ ಗುಂಪಿನ ಗುಳಿಗೆಯ ಮೇಲೆಯೇ ನೆಮ್ಮದಿಯಾಗಿದ್ದರು.

ಈ ಗುಳಿಗೆಯ ಮೂಲವೂ ರೋಗಿಗಳ ಮೈ ಕೊಟ್ಟ ಅನಿರೀಕ್ಷಿತ ಉತ್ತರದಲ್ಲಿದೆ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಮಾರ್ಸೆಲ್ ಝಾನ್‌ಬಾನ್ ವಿಷಮಶೀತ ಜ್ವರದವರಿಗೆ ಹೊಸ ಸಲ್ಫಾ ಔಷಧವೊಂದನ್ನು ಕೊಡುತ್ತಿದ್ದರು. ಕೆಲವರ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಿತು. ಸಹೋದ್ಯೋಗಿ ಆಗುಸ್ತ್ ಲೂಬಾತಿಯೇರ್ ಅದನ್ನು ನಾಯಿಗಳ ಮೇಲೆ ಪರೀಕ್ಷಿಸಿದರು. ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳಲ್ಲಿ ಸಕ್ಕರೆ ಇಳಿಯಲಿಲ್ಲ. ಔಷಧ ಆ ಗ್ರಂಥಿಯ ಮೂಲಕವೇ ಕೆಲಸ ಮಾಡುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಒಂದೇ ಜೀನ್‌ನ ದೋಷದಿಂದ ಹರೆಯದಲ್ಲಿ ಬರುವ ಇನ್ನೊಂದು ಬಗೆಯ ಸಕ್ಕರೆ ಕಾಯಿಲೆಯಿದೆ. ಅದನ್ನು ಮೋಡಿ ಎಂದು ಕರೆಯುತ್ತಾರೆ. ಅಜ್ಜ, ಅಮ್ಮ, ಮಗಳು ಎಂದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಇಪ್ಪತ್ತೈದರ ಒಳಗೇ ಬರುವುದು ಹೆಚ್ಚು, ಮೈ ದಪ್ಪವಿರಬೇಕೆಂದಿಲ್ಲ. ಎಚ್‌ಎನ್‌ಎಫ್1ಎ ಜೀನ್ ಕೆಟ್ಟವರಲ್ಲಿ ಸಕ್ಕರೆಯನ್ನು ಉರಿಸಿ ಎಟಿಪಿ ಮಾಡುವ ಹಂತದಲ್ಲೇ ತೊಡಕಿರುತ್ತದೆ, ತೂಬು ಸರಿಯಾಗಿಯೇ ಇರುತ್ತದೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಇಂಥವರಿಗೆ ಸಕ್ಕರೆ ಕಾಯಿಲೆಯ ಇನ್ನೊಂದು ಗುಳಿಗೆಯಾದ ಮೆಟ್‌ಫಾರ್ಮಿನ್ ಕೊಟ್ಟಾಗ ಇಳಿದದ್ದಕ್ಕಿಂತ ಐದು ಪಟ್ಟು ಹೆಚ್ಚು ಖಾಲಿಹೊಟ್ಟೆಯ ಸಕ್ಕರೆ ಗ್ಲಿಕ್ಲಜೈಡ್ ಎಂಬ ಸಲ್ಫೋನೈಲ್‌ಯೂರಿಯಾದಿಂದ ಇಳಿಯಿತು. ಎಷ್ಟೆಂದರೆ, ದೊಡ್ಡವರ ಮಾಮೂಲಿ ಪ್ರಮಾಣದ ಕಾಲುಭಾಗದಿಂದ ಶುರುಮಾಡಬೇಕು, ಇಲ್ಲದಿದ್ದರೆ ಸಕ್ಕರೆ ಪಾತಾಳಕ್ಕಿಳಿದು ಕೈಕಾಲು ನಡುಗಿ ಬೆವರು ಕಿತ್ತುಬರುತ್ತದೆ. ಗ್ಲುಕೋಕೈನೇಸ್ ಜೀನ್ ಬದಲಾದವರ ಕಥೆ ಇದಕ್ಕೆ ತದ್ವಿರುದ್ಧ. ಅವರ ದೇಹ ಸಕ್ಕರೆಯನ್ನು ಹುಟ್ಟಿನಿಂದಲೇ ತುಸು ಮೇಲಿನ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಸರಾಸರಿ ಐವತ್ತು ವರ್ಷಗಳ ಹತ್ತಿರ ಹಾಗೆ ಬದುಕಿದವರಲ್ಲೂ ಕಣ್ಣು, ಕಿಡ್ನಿಗೆ ಗಂಭೀರ ಹಾನಿ ತೀರ ವಿರಳವೆಂದು 2014ರ ಅಧ್ಯಯನವೊಂದು ತೋರಿಸಿತು. ಅವರಿಗೆ ಗರ್ಭಿಣಿಯಾದಾಗಿನ ಮಾತೊಂದನ್ನು ಬಿಟ್ಟರೆ ಸಾಮಾನ್ಯವಾಗಿ ಔಷಧವೇ ಬೇಡ. ಬೇಡದ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು ನಮ್ಮ ನಡುವೆಯೂ ಇರಬಹುದಲ್ಲ ಎಂಬುದು ನನ್ನನ್ನು ತುಂಬ ಕಾಡುವ ಸಂಗತಿ.

ಭಾರತದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಜನರದು ಟೈಪ್-2. ಅಲ್ಲಿ ಒಂದು ಜೀನ್ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ನೂರಾರು ಜೀನ್‌ಗಳು, ಊಟ, ತೂಕ, ನಿದ್ದೆ, ವಯಸ್ಸು ಎಲ್ಲ ಸೇರಿಕೊಂಡಿರುತ್ತವೆ. ಆದರೂ ಗುಳಿಗೆಯ ದಾರಿಯನ್ನು ಹಿಂಬಾಲಿಸಿದರೆ ಅಲ್ಲಲ್ಲಿ ಜೀನ್‌ನ ಕೈ ಕಾಣುತ್ತದೆ.

ಮೆಟ್‌ಫಾರ್ಮಿನ್ ತಾನಾಗಿ ಲಿವರ್‌ನ ಕೋಶದೊಳಕ್ಕೆ ಹೋಗಲಾರದು, ಒಸಿಟಿ1 ಎಂಬ ಪ್ರೋಟೀನ್ ಅದನ್ನು ಒಳಗೆ ಸಾಗಿಸಬೇಕು. ಆ ಪ್ರೋಟೀನ್ ದುರ್ಬಲವಾಗಿರುವವರಲ್ಲಿ ಔಷಧದ ಫಲವೂ ಕಡಿಮೆ ಎಂದು ಮೊದಲ ಪ್ರಯೋಗಗಳು ಸೂಚಿಸಿದವು. ಸ್ಕಾಟ್ಲೆಂಡಿನ ಸಾವಿರಾರು ರೋಗಿಗಳ ದಾಖಲೆ ತೆಗೆದು ನೋಡಿದಾಗ ಸಕ್ಕರೆ ಇಳಿಯುವುದರಲ್ಲಿ ಆ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದು ಬೇರೆಯದೇ. ತಂದೆ ತಾಯಿ ಇಬ್ಬರಿಂದಲೂ ದುರ್ಬಲ ಒಸಿಟಿ1 ಪಡೆದವರಿಗೆ ಮೆಟ್‌ಫಾರ್ಮಿನ್ ಒಗ್ಗದಿರುವ ಸಂಭವ ಎರಡು ಪಟ್ಟಿಗೂ ಹೆಚ್ಚು. ಹೊಟ್ಟೆ ತೊಳಸುವುದು, ಭೇದಿ, ವಾಕರಿಕೆ. ಅದೇ ಸಾಗಣೆಯನ್ನು ತಡೆಯುವ ಇನ್ನೊಂದು ಔಷಧವೂ ಜೊತೆಗಿದ್ದರೆ ಸಂಭವ ನಾಲ್ಕು ಪಟ್ಟು ದಾಟುತ್ತದೆ. ಅಂಥ ಔಷಧಗಳ ಪಟ್ಟಿಯಲ್ಲಿ ನಾವು ಗ್ಯಾಸ್ಟ್ರಿಕ್ ಎಂದು ಬೆಳಿಗ್ಗೆ ನುಂಗುವ ಒಮೆಪ್ರಜೋಲ್ ಗುಂಪಿನ ಮಾತ್ರೆಗಳೂ ಸೇರಿವೆ. ಮಾತ್ರೆ ತಗೊಂಡರೆ ಹೊಟ್ಟೆ ಕೆಡುತ್ತೆ ಡಾಕ್ಟ್ರೇ ಎನ್ನುವವರನ್ನು ನೆಪ ಹೇಳಬೇಡಿ ಎಂದು ಗದರಿಸುವುದು ಅನ್ಯಾಯ. ಪ್ರಮಾಣವನ್ನು ನಿಧಾನಕ್ಕೆ ಏರಿಸುವುದು, ನಿಧಾನವಾಗಿ ಕರಗುವ ಬಗೆಗೆ ಬದಲಿಸುವುದು, ಜೊತೆಗಿರುವ ಮಾತ್ರೆಗಳನ್ನು ಒಮ್ಮೆ ಪರಿಶೀಲಿಸುವುದು, ಇವಕ್ಕೆ ಜೀನ್ ಪರೀಕ್ಷೆಯೂ ಬೇಕಾಗಿಲ್ಲ.

2016ರಲ್ಲಿ ಸುಮಾರು 13,000 ರೋಗಿಗಳ ಅಧ್ಯಯನ ಇನ್ನೊಂದು ಜೀನ್‌ನತ್ತ ಬೆರಳು ಮಾಡಿತು. ಲಿವರ್‌ನಲ್ಲಿ ಸಕ್ಕರೆಯನ್ನು ಸಾಗಿಸುವ ಎಸ್‌ಎಲ್‌ಸಿ2ಎ2 ಜೀನ್‌ನ ಒಂದು ರೂಪ ಎರಡೂ ಕಡೆಯಿಂದ ಬಂದಿದ್ದ ಸ್ಥೂಲಕಾಯದವರಲ್ಲಿ ಮೆಟ್‌ಫಾರ್ಮಿನ್ ಹೆಚ್ಚು ಕೆಲಸ ಮಾಡಿತು. ಆ ಹೆಚ್ಚಳ ದಿನಕ್ಕೆ 550 ಮಿಲಿಗ್ರಾಂ ಹೆಚ್ಚಿಗೆ ಕೊಟ್ಟದ್ದಕ್ಕೆ ಸಮ, ಅಂದರೆ ಒಂದು ಗುಳಿಗೆಯಷ್ಟು. ಟೈಪ್-2ರಲ್ಲಿ ಜೀನ್‌ನ ಪ್ರಭಾವದ ಅಳತೆ ಹೆಚ್ಚುಕಡಿಮೆ ಇಂಥದ್ದು. ಜೀನ್ ನೋಡಿ ನಿಮಗೊಪ್ಪುವ ಶುಗರ್ ಔಷಧ ಹೇಳುತ್ತೇವೆ ಎಂಬ ಜಾಹೀರಾತು ಕಂಡರೆ ದುಡ್ಡು ಕಟ್ಟುವ ಮುಂಚೆ ಈ ಅಳತೆಯನ್ನು ನೆನೆಯಬೇಕು.

ಸಲ್ಫೋನೈಲ್‌ಯೂರಿಯಾಗಳ ವಿಷಯದಲ್ಲಿ ಮಾತ್ರ ಪ್ರಭಾವ ಇನ್ನಷ್ಟು ಎದ್ದು ಕಾಣುತ್ತದೆ. ಅವನ್ನು ಲಿವರ್‌ನಲ್ಲಿ ಅರೆದು ಹೊರಹಾಕುವುದು ಸಿವೈಪಿ2ಸಿ9 ಎಂಬ ಕಿಣ್ವ. ಆ ಕಿಣ್ವದ ಜೀನ್‌ನ ಎರಡೂ ಪ್ರತಿ ಮಂದವಾಗಿದ್ದರೆ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸ್ಕಾಟ್ಲೆಂಡಿನ ರೋಗಿಗಳಲ್ಲಿ ಇಂಥವರ ಎಚ್‌ಬಿಎ1ಸಿ 7ರ ಕೆಳಗೆ ಬರುವ ಸಂಭವ 3.4 ಪಟ್ಟು ಹೆಚ್ಚಿತ್ತು. ಕೇಳಲು ಚೆನ್ನ, ಆದರೆ ಊಟ ತಪ್ಪಿದ ದಿನ ಸಕ್ಕರೆ ತೀರ ಇಳಿಯುವ ಭಯವೂ ಅದರೊಂದಿಗೇ ಬರುತ್ತದೆ. ನಮ್ಮ ಔಷಧದಂಗಡಿಗಳಲ್ಲಿ ಇದೇ ಗುಂಪಿನ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಒಂದೇ ಮಾತ್ರೆಯಲ್ಲಿ ಬೆರೆತು ಧಾರಾಳವಾಗಿ ಮಾರಾಟವಾಗುತ್ತವೆ. ಅರ್ಧ ಮಾತ್ರೆಗೇ ತಲೆಸುತ್ತು ಬರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು.

ಅಳೆಯುವ ಪರೀಕ್ಷೆಯೂ ಜೀನ್‌ನಿಂದ ಮೋಸಹೋಗಬಹುದು. ಕೆಂಪು ರಕ್ತಕಣದಲ್ಲಿ ತಿಂಗಳುಗಟ್ಟಲೆ ಅಂಟಿದ ಸಕ್ಕರೆಯ ಲೆಕ್ಕವೇ ಎಚ್‌ಬಿಎ1ಸಿ. ಕಣ ಬೇಗ ಸತ್ತರೆ ಲೆಕ್ಕ ಕಡಿಮೆ ಬರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ, ಕುಡಗೋಲು ಕಣ ರೋಗದವರಲ್ಲಿ ಹೀಗಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡಗೋಲು ಕಣ ರೋಗವಿರುವುದು ದಾಖಲಾಗಿದೆ. ಅಂಥ ಕಡೆ ಎಚ್‌ಬಿಎ1ಸಿ ಒಂದನ್ನೇ ನೆಚ್ಚಿ, ಔಷಧ ಚೆನ್ನಾಗಿ ಹಿಡಿದಿದೆ ಎಂದು ಬರೆದುಬಿಟ್ಟರೆ ಏರಿದ ಸಕ್ಕರೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಬೆರಳು ಚುಚ್ಚಿ ನೋಡುವ ಸಕ್ಕರೆಯನ್ನೋ ಫ್ರಕ್ಟೋಸಮೀನ್ ಪರೀಕ್ಷೆಯನ್ನೋ ಆಧಾರವಾಗಿ ಹಿಡಿಯಬೇಕು.

ಹಾಗಾದರೆ ಜೀನ್ ಪರೀಕ್ಷೆ ಯಾರಿಗೆ? ಆರು ತಿಂಗಳು ತುಂಬುವ ಮೊದಲು ಸಕ್ಕರೆ ಕಾಯಿಲೆ ಕಾಣಿಸಿದ ಎಲ್ಲರಿಗೂ, ಈಗ ಅವರಿಗೆ ಮೂವತ್ತು ವರ್ಷವಾಗಿದ್ದರೂ ಸರಿ. ಒಂಬತ್ತು ತಿಂಗಳೊಳಗೆ ಕಾಯಿಲೆ ಬಂದವರಿಗೆ ಎಕ್ಸಿಟರ್‌ನ ಪ್ರಯೋಗಾಲಯ ಯಾವ ದೇಶದವರಿಗಾದರೂ ಉಚಿತವಾಗಿ ಪರೀಕ್ಷೆ ಮಾಡುತ್ತ ಬಂದಿದೆ. ಹರೆಯದಲ್ಲೇ ಕಾಯಿಲೆ ಬಂದು, ತಲೆಮಾರುಗಳ ನಂಟೂ ಇದ್ದು, ಮೈ ತೆಳ್ಳಗಿರುವವರೂ ಕೇಳಬೇಕು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಈ ಕ್ಷೇತ್ರದಲ್ಲಿ ವರ್ಷಗಳಿಂದ ದುಡಿಯುತ್ತಿದೆ. ಬೆಂಗಳೂರಿನ ಮೆಡ್‌ಜೀನೋಮ್ ಮೊದಲಾದವರೊಡನೆ ಅದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೋಡಿ ರೋಗಿಗಳಲ್ಲಿ ಹೆಚ್ಚು ಕಂಡದ್ದು ಎಚ್‌ಎನ್‌ಎಫ್1ಎ ದೋಷವೇ.

ವರದಿ ಕೈಗೆ ಬಂತೆಂದು ಮನೆಯಲ್ಲೇ ಇನ್ಸುಲಿನ್ ನಿಲ್ಲಿಸಬಾರದು. ಮಕ್ಕಳಲ್ಲಿ ಸೂಜಿಯಿಂದ ಗುಳಿಗೆಗೆ ಬದಲಾವಣೆ ವೈದ್ಯರ ಕಣ್ಗಾವಲಿನಲ್ಲಿ, ಆಗಾಗ ಸಕ್ಕರೆ ನೋಡುತ್ತ, ಗುಳಿಗೆಯನ್ನು ಮೆಲ್ಲಗೆ ಏರಿಸುತ್ತ ಆಗುವಂಥದ್ದು. ಅಕ್ಕನಲ್ಲಿ ಎಚ್‌ಎನ್‌ಎಫ್1ಎ ದೋಷ ಸಿಕ್ಕರೆ ತಮ್ಮನಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಯಾವ ಅಕ್ಷರ ಬದಲಾಗಿದೆ ಎಂದು ಗೊತ್ತಿರುವುದರಿಂದ ಅವನ ರಕ್ತದಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು.