‘ಬಾಟ್ಲಿ ಯಾರ್ ಒಯ್ತಾರ್ರಿ?’

ಸೊಲ್ಲಾಪುರ ಬಿಟ್ಟು ಪುಣೆಯ ಕಡೆ ಹೊರಟರೆ, ಕಬ್ಬಿನ ಹೊಲಗಳ ಸಾಲು ಮುಗಿಯಿತೆನ್ನುವಷ್ಟರಲ್ಲಿ ಕುರಕುಂಭ ಬರುತ್ತದೆ. ದೌಂಡ್ ತಾಲ್ಲೂಕಿನ ಊರು. ಫಿರಂಗಾಯಿ ದೇವಿಯ ಗುಡಿ ಇರುವ ಈ ಊರನ್ನು ಹೆದ್ದಾರಿಯವರು ಈಗ ಗುರುತಿಸುವುದು ಎಂಐಡಿಸಿಯಿಂದ, ಅಂದರೆ ರಾಸಾಯನಿಕ ಮತ್ತು ಔಷಧದ ಕಾರ್ಖಾನೆಗಳಿಂದ. ಸಾಬೂನು, ಡಿಟರ್ಜೆಂಟುಗಳಿಗೆ ಪರಿಮಳ ಕೊಡುವ ರಾಸಾಯನಿಕಗಳನ್ನು ತಯಾರಿಸುವ ಎಟರ್ನಿಸ್ ಕಾರ್ಖಾನೆಯೂ ಇಲ್ಲಿದೆ. ಇಂಥ ಸರಕು ಊರು ಬಿಡುವುದು ಪೀಪಾಯಿಯಲ್ಲಿ, ಟನ್ ಲೆಕ್ಕದಲ್ಲಿ. ಅದೇ ಬಗೆಯ ಪರಿಮಳ ಊರಿಗೆ ಮರಳುವುದು ಐದಾರು ಮಿಲಿಯ ಪಾಕೀಟಿನಲ್ಲಿ, ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದ ಹಾಗೆ ಇಳಿಬಿದ್ದು.

ಆ ತೋರಣದ ಕೆಳಗೆ ನಿಂತು ದೊಡ್ಡ ಬಾಟಲಿ ಕೇಳಿದವನು ನಾನು. ಅಂಗಡಿಯವರು ಅಕ್ಕಲಕೋಟೆ ಕಡೆಯವರು, ನನ್ನ ಮರಾಠಿ ಕೇಳಿ ನಕ್ಕು ಕನ್ನಡಕ್ಕೆ ಹೊರಳಿದರು. “ಬಾಟ್ಲಿ ಯಾರ್ ಒಯ್ತಾರ್ರಿ ಇಲ್ಲಿ? ಒಂದೊಂದ್ ಖೋಲ್ಯಾಗ ಆರಾರ್ ಮಂದಿ ಇರ್ತಾರ. ಒಬ್ಬಾಂವ ತಂದಿಟ್ರ ಮೂರ್ ದಿನದಾಗ ಖಾಲಿ. ಪುಡಿ ಒಯ್ದ್ರ ಅವಂದ್ ಅವ್ನಿಗೆ.” ಮರಾಠಿಯಲ್ಲಿ ‘ಪುಡಿ’ ಎಂದರೆ ಪೊಟ್ಟಣ. ನೀರಾಗಿರುವ ಶಾಂಪೂ ಪುಡಿ ಹೇಗಾಯಿತೆಂದು ಕನ್ನಡದ ಕಿವಿಗೆ ಒಂದು ಕ್ಷಣ ಗಲಿಬಿಲಿ.

ಬಡವರು ಬಾಟಲಿ ಕೊಳ್ಳಲಾರರು, ಅದಕ್ಕೇ ಪಾಕೀಟು ಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ಹಂಚಿಕೊಂಡ ಕೋಣೆಯಲ್ಲಿ ಬಾಟಲಿಗೆ ಒಡೆಯನೇ ಉಳಿಯುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಹಾಗೆ ನೋಡಿದರೆ ಸ್ವಲ್ಪಸ್ವಲ್ಪ ಕೊಳ್ಳುವ ರೂಢಿ ಶಾಂಪೂವಿಗಿಂತ ಬಹಳ ಹಳೆಯದು. ನಾಲ್ಕಾಣೆಯ ಕೊಬ್ಬರಿ ಎಣ್ಣೆಗೆ ಸೀಸೆ ಹಿಡಿದು ಹೋಗುತ್ತಿದ್ದೆವು. ಕಿರಾಣಿಯವರು ಹಳೆಯ ಪತ್ರಿಕೆಯ ಹಾಳೆ ಮಡಚಿ, ಮೇಲಿನಿಂದ ತೂಗಾಡುವ ನೂಲುಂಡೆಯಿಂದ ದಾರ ಎಳೆದು, ಚಹಾಪುಡಿ, ಸಕ್ಕರೆಯ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಆ ದಿನದ ಕೂಲಿ ಎಷ್ಟೋ ಅಷ್ಟರ ಸಂತೆ. ಜನರಿಗೆ ಇದನ್ನು ಯಾವ ಕಂಪನಿಯೂ ಕಲಿಸಲಿಲ್ಲ. ಕಂಪನಿಗಳೇ ತಡವಾಗಿ ಕಲಿತವು.

ಮೊದಲು ಕಲಿತವರಲ್ಲಿ ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಒಬ್ಬರು. ಟಾಲ್ಕಂ ಪೌಡರ್, ಎಪ್ಸಂ ಉಪ್ಪಿನಂಥವನ್ನು ಕೂಲಿಯವರ ಕೈಗೆಟಕುವಂತೆ ಪುಟ್ಟ ಪೊಟ್ಟಣಗಳಲ್ಲಿ ತುಂಬಿ ಮಾರಬೇಕೆಂಬುದು ಅವರ ಹಟ. ಅವರ ನಂತರ ಮಕ್ಕಳು ‘ವೆಲ್ವೆಟ್’ ಶಾಂಪೂವನ್ನು ಪಾಕೀಟಿನಲ್ಲಿ ತಂದರು. ಆ ವ್ಯವಹಾರದಿಂದ ಹೊರಬಿದ್ದ ಮಗ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಲ್ಲಿ ‘ಚಿಕ್’ ಶುರುಮಾಡಿದರು. ಸೀಗೆಕಾಯಿ, ಅಂಟವಾಳ ತಿಕ್ಕುತ್ತಿದ್ದ ಹಳ್ಳಿಗಳಿಗೆ ಕಂಪನಿಯ ಹುಡುಗರು ಹೋಗಿ, ಊರ ನಡುವೆ ಹುಡುಗನೊಬ್ಬನ ತಲೆ ತೊಳೆದು, ಒಣಗಿದ ಕೂದಲನ್ನು ನೆರೆದವರಿಗೆ ಮುಟ್ಟಿಸುತ್ತಿದ್ದರು. ಯಾವ ಕಂಪನಿಯ ಖಾಲಿ ಪಾಕೀಟು ತಂದರೂ ಬದಲಿಗೆ ಚಿಕ್ ಪುಕ್ಕಟೆ. ಜನ ಒಗ್ಗಿಕೊಂಡ ಮೇಲೆ ಚಿಕ್‌ನದೇ ಖಾಲಿ ಪಾಕೀಟು ಬೇಕು ಎಂದರು. ಒಳ್ಳೆಯ ಕಿಲಾಡಿತನ! 1990ರ ದಶಕ ಮುಗಿಯುವಷ್ಟರಲ್ಲಿ ಎಂಟಾಣೆಯ ಪಾಕೀಟೂ ಬಂತು.

ಇದರ ಹಿಂದೆ ಯಂತ್ರದ ಕೈಯೂ ಇತ್ತು. ಸುರುಳಿಯಿಂದ ಹಾಳೆ ಎಳೆದು, ಅಂಚುಗಳನ್ನು ಕಾಯಿಸಿ ಅಂಟಿಸಿ, ದ್ರವ ತುಂಬಿ, ಬಾಯಿ ಮುಚ್ಚಿ, ಸರವಾಗಿ ಹೊರಹಾಕುವ ಯಂತ್ರ. ಸೋರದಂತೆ, ಪರಿಮಳ ಹಾರದಂತೆ ಹಲವು ಪದರಗಳನ್ನು ಬೆಸೆದ ಹಾಳೆ. ಬೆಸೆದ ಪದರಗಳನ್ನು ಬಿಡಿಸುವುದು ಕಷ್ಟ. ಹೀಗಾಗಿ ಖಾಲಿ ಪಾಕೀಟನ್ನು ಗುಜರಿಯವರೂ ಮುಟ್ಟುವುದಿಲ್ಲ. ಅಂಗಡಿಯ ಹಿಂದಿನ ಚರಂಡಿಯಲ್ಲಿ ಅವು ಮಿರಮಿರ ಮಿನುಗುತ್ತಿದ್ದವು.

ಚಿಲ್ಲರೆ ಕೊಳ್ಳುವವರಿಗೆ ದುಬಾರಿ ಬೀಳುವುದು ಲೋಕಾರೂಢಿ. ನಮ್ಮಲ್ಲಿ ಎಷ್ಟೋ ಶಾಂಪೂಗಳ ಲೆಕ್ಕ ತಿರುಗುಮುರುಗು. ಮಿಲಿ ಲೆಕ್ಕ ಹಾಕಿದರೆ ಬಾಟಲಿಗಿಂತ ಪಾಕೀಟೇ ಅಗ್ಗ. ಬಂಗಲೆಯವರೂ ಸರಗಟ್ಟಲೆ ಒಯ್ಯುವುದು ಇದಕ್ಕೇ.

ಪಾಕೀಟಿನ ಬೆಲೆ ಗೊತ್ತುಮಾಡಿದ್ದು ಕಂಪನಿಗಿಂತ ಹೆಚ್ಚಾಗಿ ಟಂಕಸಾಲೆ. ಎಂಟಾಣೆ, ರೂಪಾಯಿ, ಎರಡು, ಐದು, ಹತ್ತು: ಕೈಯಲ್ಲಿ ಯಾವ ನಾಣ್ಯವಿದೆಯೋ ಅದೇ ಬೆಲೆ. ಎಣ್ಣೆ, ಹಿಟ್ಟು ತುಟ್ಟಿಯಾದಾಗ ಬೆಲೆಯನ್ನು ಮುಟ್ಟದೆ ಒಳಗಿನ ಗ್ರಾಂ ಇಳಿಸಿದರು. ಪಾರ್ಲೆ-ಜಿಯ ಪುಟ್ಟ ಪೊಟ್ಟಣ ವರ್ಷಾನುಗಟ್ಟಲೆ 5 ರೂಪಾಯಿಯಲ್ಲೇ ನಿಂತು ತೆಳ್ಳಗಾಗುತ್ತ ಹೋದದ್ದು ಹೀಗೆ. ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆ ಬಿಟ್ಟಿತು. ಎಂಟಾಣೆಯನ್ನು ಕಾನೂನು ಬಿಟ್ಟಿಲ್ಲ, ಅಂಗಡಿ ಬಿಟ್ಟಿದೆ. ಚಿಲ್ಲರೆ ಇಲ್ಲದಾಗ ಕೈಗೆ ಬೀಳುತ್ತಿದ್ದದ್ದು ಚಾಕಲೇಟು.

2016 ಒಂದೇ ವರ್ಷ ಇದನ್ನೆಲ್ಲ ಅಲ್ಲಾಡಿಸಿತು. ಏಪ್ರಿಲ್ 11ಕ್ಕೆ ಯುಪಿಐ, ಸೆಪ್ಟೆಂಬರ್ 5ಕ್ಕೆ ಜಿಯೋ, ನವೆಂಬರ್ 8ರ ರಾತ್ರಿ ನೋಟು ರದ್ದು. ಇಂದು ಕುರಕುಂಭದ ಈ ಅಂಗಡಿಯಲ್ಲಿ ಒಂದು ರೂಪಾಯಿ ಬಂದರೂ ಗಲ್ಲೆಯ ಪಕ್ಕದ ಪುಟ್ಟ ಡಬ್ಬಿ ಕೂಗಿ ಹೇಳುತ್ತದೆ. ನಾಣ್ಯದ ಹಂಗು ಹರಿದ ಮೇಲೆ ಬೆಲೆ ಎಷ್ಟಾದರೂ ಇರಬಹುದಿತ್ತಲ್ಲ? 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಸಾಬೂನು, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ ಐದು ರೂಪಾಯಿಯ ಪೊಟ್ಟಣದ ಬೆಲೆ ಲೆಕ್ಕಪ್ರಕಾರ 4.45 ಆಗಬೇಕಾಯಿತು. ಮೊಬೈಲಿನಲ್ಲಿ 4.45 ಕಳಿಸಲು ತೊಂದರೆಯೇನೂ ಇಲ್ಲ. ಆದರೂ ಹಲವು ಕಂಪನಿಗಳು ಐದು ರೂಪಾಯಿಯನ್ನೇ ಉಳಿಸಿಕೊಂಡು ಗ್ರಾಂ ಏರಿಸುವ ದಾರಿ ಹಿಡಿದವು. ನಾಣ್ಯ ಜೇಬಿನಿಂದ ಹೋದರೂ ಬಾಯಿಂದ ಹೋಗಿಲ್ಲ.

ಡಬ್ಬಿಯ ಕೂಗು ಸರ್ಕಾರಕ್ಕೂ ಕೇಳಿಸುತ್ತದೆ ಎಂಬುದು ಬೆಂಗಳೂರಿನವರಿಗೆ ಅದೇ ವರ್ಷದ ಜುಲೈನಲ್ಲಿ ಗೊತ್ತಾಯಿತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಬೇಕರಿ, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜತೆ ಕೂತು ಮಾತಾಡಬೇಕಾಯಿತು.

ಎಲ್ಲವೂ ಕೂಲಿಯ ಅಳತೆಗೆ ತಕ್ಕಂತೆ ಸಣ್ಣದಾಗುತ್ತ ಬಂದಿರುವಾಗ, ಒಂದು ಮಾತ್ರ ಉಲ್ಟಾ ನಡೆದಿದೆ. ಅದು ಮೊಬೈಲ್ ರೀಚಾರ್ಜು. ಒಂದು ಕಾಲಕ್ಕೆ ಅದೂ ಹತ್ತು ರೂಪಾಯಿಗೆ ಸಿಗುತ್ತಿತ್ತು. ಅದೂ ಇಲ್ಲದವರಿಗೆ ಮಿಸ್ಡ್ ಕಾಲ್ ಇತ್ತು. 2024ರ ಜುಲೈ ದರ ಏರಿಕೆಯ ನಂತರ 28 ದಿನಕ್ಕೆ ಜಿಯೋದಲ್ಲಿ 189, ಏರ್‌ಟೆಲ್‌ನಲ್ಲಿ 199 ರೂಪಾಯಿ ಒಮ್ಮೆಗೇ ಎಣಿಸಬೇಕಾಯಿತು. ಒಂದು ರೂಪಾಯಿಯ ಪಾಕೀಟು ಕೊಳ್ಳಲು ಬೇಕಾದ ಫೋನು ಬದುಕಿರಲು ಹೆಚ್ಚುಕಡಿಮೆ ಇನ್ನೂರು ರೂಪಾಯಿ.

“ಪಗಾರ ಆಗೂ ಮೊದ್ಲು ರೀಚಾರ್ಜ್ ಮುಗದ್ರ ಏನ್ ಮಾಡ್ತಾರ್ರಿ?” ಎಂದು ಕೇಳಿದೆ.

“ನಾನೇ ಹಾಕ್ತೀನ್ರಿ” ಎನ್ನುತ್ತ ಅವರು ಗಲ್ಲೆಯ ಕೆಳಗಿಂದ ಉದ್ದನೆಯ ಕೆಂಪು ಪುಸ್ತಕ ಎಳೆದರು. ಉದ್ರಿ ಖಾತೆ. ಅಕ್ಕಿ, ಎಣ್ಣೆ, ಬೀಡಿಗಳ ನಡುವೆ ಅಲ್ಲಲ್ಲಿ ಅದೇ ನೀಲಿ ಶಾಯಿಯಲ್ಲಿ ಬರೆದಿತ್ತು: ರೀಚಾರ್ಜ್, 199.