ಉಸಿರು ಹಿಡೀಬೇಡಿ!

‘ಈಜು ಬರಲ್ಲ ಸರ್, ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡ್ಬಹುದಾ?’ ರಜೆ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಮಾಡಬಹುದು. ಮುರುಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಆ ಬಂಡೆಗಲ್ಲಿನ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ನೀರೊಳಗೆ ತರಬೇತುದಾರ ನಿಮ್ಮ ಜೊತೆಗೇ ಇರುತ್ತಾನೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕೆಳಗೆ ಹೋದಾಗ ನಮ್ಮ ದೇಹಕ್ಕೆ ಏನಾಗತ್ತೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಬೆನ್ನಿಗೆ ಕಟ್ಟುವ ಸಿಲಿಂಡರ್‌ನಲ್ಲಿರೋದು ಬರೀ ಆಕ್ಸಿಜನ್ ಅಲ್ಲ. ಸಾಮಾನ್ಯವಾಗಿ ಅದರಲ್ಲಿರೋದು ನಾವು ನೀವು ಉಸಿರಾಡೋ ಇದೇ ಗಾಳಿ, ಒತ್ತಿ ತುಂಬಿದ್ದು ಅಷ್ಟೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ರೆಗ್ಯುಲೇಟರ್, ನಾವಿರುವ ಆಳದ ಒತ್ತಡಕ್ಕೆ ತಕ್ಕ ಹಾಗೆ ಆ ಗಾಳಿಯನ್ನು ಬಾಯಿಗೆ ಕೊಡುತ್ತದೆ.

ಅಪಾಯದ ಗುಟ್ಟೂ ಇಲ್ಲೇ ಇದೆ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಉಸಿರು, ಮೇಲೆ ಬರುವಷ್ಟರಲ್ಲಿ ಎರಡರಷ್ಟು ಜಾಗ ಕೇಳುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗಲಾರದು. ಬಾವೀಲಿ, ಕೆರೇಲಿ ಮುಳುಗುವಾಗ ಉಸಿರು ಬಿಗಿಹಿಡಿ ಅಂತ ಹಿರಿಯರು ಕಲಿಸಿದರಲ್ಲ, ಅಲ್ಲಿ ಅದು ಸರಿ. ಯಾಕಂದ್ರೆ ಆ ಉಸಿರು ತುಂಬಿಕೊಂಡಿದ್ದು ದಡದಲ್ಲಿ. ಸ್ಕೂಬಾದಲ್ಲಿ ತುಂಬಿಕೊಳ್ಳೋದು ತಳದಲ್ಲಿ! ಗಾಬರಿಯಾಗಿ ಉಸಿರು ಹಿಡಿದು ಮೇಲಕ್ಕೆ ನುಗ್ಗಿದರೆ, ಕೆಲವೇ ಮೀಟರ್ ಸಾಕು, ಪ್ರಾಣಕ್ಕೆ ಕುತ್ತು. ಉಸಿರಾಡ್ತಾನೇ ಇರಿ, ನಿಧಾನಕ್ಕೆ ಮೇಲೆ ಬನ್ನಿ. ಇದೊಂದೇ ಮಂತ್ರ.

ಕಿವಿ ಚುಚ್ಚಿದರೆ ಸಹಿಸ್ಕೊಂಡು ಇಳಿಯಬೇಡಿ. ಮೂಗು ಮುಚ್ಚಿ ಮೆಲ್ಲಗೆ ಊದಿ. ಸರಿಹೋಗದಿದ್ದರೆ ಸ್ವಲ್ಪ ಮೇಲೆ ಬನ್ನಿ. ಇನ್ನೊಂದು ತಮಾಷೆ ಗೊತ್ತಾ? ಖುಷಿಯಾಗಿ ಹೆಬ್ಬೆರಳು ಎತ್ತಿ ತೋರಿಸಿದಿರೋ, ತರಬೇತುದಾರ ನಿಮ್ಮನ್ನು ಮೇಲಕ್ಕೆ ಕರ್ಕೊಂಡು ಹೊರಡ್ತಾನೆ. ನೀರೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ‘ಚೆನ್ನಾಗಿದ್ದೀನಿ’ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ದೋಣಿ ಹತ್ತುವ ಮೊದಲು ಒಂದು ಫಾರಂ ಕೊಡ್ತಾರೆ. ಆಸ್ತಮಾ ಇದೆಯಾ? ಹೃದಯದ ತೊಂದರೆ? ಕಿವಿಯ ಸಮಸ್ಯೆ? ದುಡ್ಡು ಕಟ್ಟಿ ಬಂದಾಗಿದೆ ಅಂತ ಎಲ್ಲದಕ್ಕೂ ‘ಇಲ್ಲ’ ಅಂತ ಬರೆದುಬಿಟ್ಟರೆ ಮೋಸ ಹೋಗೋದು ಯಾರು? ನೀವೇ. ಕಡಲು ಒರಟಾಗಿದೆ, ಇವತ್ತು ಬೇಡ ಅಂದರೆ ಜಗಳಕ್ಕೆ ನಿಲ್ಲಬೇಡಿ. ನಿಮ್ಮನ್ನು ವಾಪಸ್ ಕಳಿಸುವ ಧೈರ್ಯ ಇರೋನೇ ಒಳ್ಳೆಯ ತರಬೇತುದಾರ.

ಕೊನೆಯದಾಗಿ, ಹವಳ ಕಲ್ಲಲ್ಲ, ಜೀವ. ಗಿಳಿಮೀನು, ಚಿಟ್ಟೆಮೀನುಗಳ ಮನೆ ಅದು. ಕಣ್ತುಂಬ ನೋಡಿ. ಕೈ ಮಾತ್ರ ಹಾಕಬೇಡಿ.