ಮೋಗ್ ಒಬ್ಬರೇ ಕಟ್ಟಿದ ಯಂತ್ರವಲ್ಲ

ಅನಲಾಗ್ ಸಿಂಥಸೈಜರ್‌ನ ಚರಿತ್ರೆ ಹೇಳುವ ಸಾಕ್ಷ್ಯಚಿತ್ರಗಳಿಗೆ ಒಬ್ಬ ಎಂಜಿನಿಯರನ ಬೆನ್ನು ಹಿಡಿಯುವುದು ರೂಢಿ. ಹ್ಯಾನ್ಸ್ ಫೆಲ್‌ಸ್ಟಾಡ್ 2004ರಲ್ಲಿ ತೆಗೆದ ಚಿತ್ರದ ಹೆಸರೇ ‘ಮೋಗ್’. ಆ ಹೆಸರಿನ ಸಿಂಥಸೈಜರ್ ಕಟ್ಟಿದ ಎಂಜಿನಿಯರ್ ರಾಬರ್ಟ್ ಮೋಗ್ ಮರುವರ್ಷವೇ ತೀರಿಕೊಂಡರು. ಅವರ ಮಾತನ್ನು ಹಿಡಿದಿಟ್ಟದ್ದಕ್ಕೆ ಆ ಚಿತ್ರಕ್ಕೆ ನಾವು ಋಣಿಗಳು. ಆದರೆ ಯಂತ್ರದ ಮುಚ್ಚಳ ತೆಗೆದು ನೋಡಿದರೆ ಒಬ್ಬನೇ ಕರ್ತೃವಿನ ಕಥೆ ನಿಲ್ಲುವುದಿಲ್ಲ. ಅದರ ಮುಖ್ಯ ಭಾಗಗಳಲ್ಲಿ ಕೆಲವು ಸಂಗೀತಗಾರರು ಪಟ್ಟು ಹಿಡಿದು ಮಾಡಿಸಿಕೊಂಡಂಥವು.

ಈ ಯಂತ್ರದಲ್ಲಿ ಆಸಿಲೇಟರ್ ನಾದ ಹುಟ್ಟಿಸುತ್ತದೆ, ಫಿಲ್ಟರ್ ಅದರ ಗುಣ ಬದಲಿಸುತ್ತದೆ, ಆಂಪ್ಲಿಫೈಯರ್ ಅದನ್ನು ಏರಿಸಿ ಇಳಿಸುತ್ತದೆ. ಮೂರಕ್ಕೂ ಅಪ್ಪಣೆ ಕೊಡುವುದು ವೋಲ್ಟೇಜ್. ಮೋಗ್ ಪದ್ಧತಿಯಲ್ಲಿ ಒಂದು ವೋಲ್ಟ್ ಕೂಡಿಸಿದರೆ ಶ್ರುತಿ ಒಂದು ಸ್ಥಾಯಿ ಮೇಲೇರುತ್ತದೆ: ಸೆಕೆಂಡಿಗೆ 110 ಕಂಪನವಿದ್ದದ್ದು 220 ಆಗುತ್ತದೆ, ಇನ್ನೊಂದು ವೋಲ್ಟ್ ಸೇರಿದರೆ 440. ವೋಲ್ಟೇಜ್ ಕೂಡುತ್ತಾ ಹೋದಂತೆ ಕಂಪನ ಇಮ್ಮಡಿಸುತ್ತಾ ಹೋಗಬೇಕು. ಟ್ರಾನ್ಸಿಸ್ಟರಿನ ಸ್ವಭಾವವೇ ಹಾಗಿದೆ; ಅದರ ವೋಲ್ಟೇಜನ್ನು ಸಮನಾಗಿ ಏರಿಸಿದರೆ ಹರಿಯುವ ಕರೆಂಟು ಗುಣಿಸಿಕೊಂಡು ಬೆಳೆಯುತ್ತದೆ. ಬಿಸಿಲು ಚಳಿಗೂ ಅದು ಮಿಡಿಯುತ್ತದೆ, ಹಾಗಾಗಿಯೇ ಹಳೆಯ ಸಿಂಥಸೈಜರುಗಳ ಶ್ರುತಿ ಮತ್ತೆ ಮತ್ತೆ ಜಾರುತ್ತಿತ್ತು.

ಇಷ್ಟು ಎಂಜಿನಿಯರನ ಪಾಲು. ಇದರಿಂದ ಬರುವುದಾದರೂ ಎಡೆಬಿಡದ ಒಂದು ಗುಂಯ್‌ಗುಟ್ಟುವಿಕೆ, ಅಷ್ಟೆ. ವೀಣೆಯ ತಂತಿ ಮೀಟಿದಾಗ ನಾದ ಥಟ್ಟನೆ ಎದ್ದು ನಿಧಾನವಾಗಿ ಸಾಯುತ್ತದೆ. ಆ ಹುಟ್ಟುಸಾವಿಲ್ಲದೆ ಸ್ವರಕ್ಕೆ ಜೀವವಿಲ್ಲ. 1964ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್‌ಗೆ ಬಂದ ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಕೇಳಿದ್ದು ಇದನ್ನೇ. ಮೋಗ್ ಕರೆಗಂಟೆಯ ಗುಂಡಿಯೊಂದನ್ನು ಜೋಡಿಸಿ, ಒತ್ತಿದಾಗ ವೋಲ್ಟೇಜ್ ಏರಿ, ಬಿಟ್ಟಾಗ ಇಳಿಯುವ ಸರ್ಕಿಟ್ ಮಾಡಿಕೊಟ್ಟರು. ಮುಂದೆ ಇನ್ನೊಬ್ಬ ಸಂಯೋಜಕ ವ್ಲಾದಿಮಿರ್ ಉಸಾಚೆವ್‌ಸ್ಕಿ ಅದನ್ನು ನಾಲ್ಕು ಹಂತವಾಗಿ ಬಿಡಿಸಿ ಹೇಳಿದರು: ಏರು, ಮೊದಲ ಇಳಿತ, ನಿಲುಗಡೆ, ಕೊನೆಯ ಇಳಿತ. ಇಂದಿಗೂ ಹೆಚ್ಚಿನ ಸಿಂಥಸೈಜರುಗಳ ಮೈಮೇಲೆ ಆ ನಾಲ್ಕು ಗುಂಡಿಗಳಿವೆ. ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಕೀಲಿಮಣೆಗಾಗಿ ಮೋಗ್ ಅವರ ಹಿಂದೆ ಬಿದ್ದವರು ವೆಂಡಿ ಕಾರ್ಲೋಸ್. 1968ರಲ್ಲಿ ‘ಸ್ವಿಚ್ಡ್ ಆನ್ ಬಾಕ್’ ಧ್ವನಿಮುದ್ರಿಕೆ ತಂದವರು.

ಕೇಳುವುದು ಸುಲಭ, ಮಾಡಿ ತೋರಿಸುವುದು ಕಷ್ಟ. ಶ್ರೇಯ ಮಾಡಿದವರಿಗೇ ಸಲ್ಲಬೇಕು ಎಂದು ವಾದಿಸಬಹುದು. ಮೋಗ್ ಅವರ ಫಿಲ್ಟರ್‌ಗೆ ಈ ಮಾತು ಪೂರ್ತಿ ಒಪ್ಪುತ್ತದೆ, 1969ರ ಅದರ ಪೇಟೆಂಟ್ ಅವರ ಹೆಸರಿನಲ್ಲಿರುವುದು ನ್ಯಾಯವೇ. ಆದರೆ ಅದೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಎಂಜಿನಿಯರ್ ಡಾನ್ ಬುಕ್ಲಾ, ಸಂಯೋಜಕರಾದ ಮಾರ್ಟನ್ ಸಬಾಟ್ನಿಕ್ ಮತ್ತು ರಮೋನ್ ಸೆಂಡರ್ ಅವರ ಬೇಡಿಕೆಗೆ ಇನ್ನೊಂದು ಯಂತ್ರ ಕಟ್ಟಿದರು. ಅಲ್ಲೂ ಟ್ರಾನ್ಸಿಸ್ಟರ್, ಅಲ್ಲೂ ವೋಲ್ಟೇಜಿನದೇ ಆಳ್ವಿಕೆ. ಆದರೆ ಪಿಯಾನೋ ಕೀಲಿಗಳಿಲ್ಲ, ಮುಟ್ಟಿದರೆ ಸಾಕೆನ್ನುವ ಲೋಹದ ಪಟ್ಟಿಗಳು. ವಿದ್ಯೆ ಒಂದೇ, ವಾದ್ಯ ಎರಡು. ಬುಕ್ಲಾ ಅವರ ಸ್ವಂತ ಅಭಿರುಚಿಯೂ ಅದರಲ್ಲಿ ಬೆರೆತಿತ್ತು, ನಿಜ. ಆದರೆ ಹಳೆಯ ಸ್ವರಸಾಲಿಗೆ ಕಟ್ಟುಬೀಳಲು ಒಪ್ಪದ ಸಂಯೋಜಕರು ಎದುರಿಗಿರದಿದ್ದರೆ ಅಂಥ ವಾದ್ಯವನ್ನು ಯಾರು ಕೊಳ್ಳುತ್ತಿದ್ದರು?

ಚಿತ್ರಕ್ಕೆ ಒಂದು ಮುಖ ಬೇಕು, ಮಾತುಕತೆಯ ಇತಿಹಾಸವನ್ನು ತೆರೆಗೆ ತರಲಾಗದು ಎಂಬ ಆಕ್ಷೇಪಕ್ಕೆ ಲೀಸಾ ರೊವ್ನರ್ ಅವರ ‘ಸಿಸ್ಟರ್ಸ್ ವಿತ್ ಟ್ರಾನ್ಸಿಸ್ಟರ್ಸ್’ (2020) ಉತ್ತರ ಕೊಟ್ಟಾಗಿದೆ. ಸುಝಾನ್ ಚಿಯಾನಿಯಂಥ ಸಂಯೋಜಕಿಯರನ್ನೇ ಅದು ಕಥೆಯ ನಡುವೆ ನಿಲ್ಲಿಸುತ್ತದೆ. ನಮ್ಮ ದೇಶದ್ದೂ ಒಂದು ಅಧ್ಯಾಯ ಇದೆ. 1969ರಲ್ಲಿ ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಯಂತ್ರವಿದ್ದ ಸ್ಟುಡಿಯೋ ಸ್ಥಾಪಿಸಿದರು; ಸಂಗೀತಗಾರ್ತಿ ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ದುಡಿದರು. ಅಲ್ಲಿ ಮುದ್ರಿಸಿದ ಧ್ವನಿಸುರುಳಿಗಳನ್ನು ಹೊರತೆಗೆದ ಕಲಾವಿದ ಪಾಲ್ ಪರ್ಗಸ್ 2020ರಲ್ಲಿ ಬಿಬಿಸಿಗೆ ರೇಡಿಯೋ ಸಾಕ್ಷ್ಯಚಿತ್ರ ಮಾಡಿದರು. ಕೀಲಿಮಣೆ ಸ್ಥಾಯಿಯನ್ನು 12 ಮೆಟ್ಟಿಲಾಗಿ ಕಡಿದರೂ ವೋಲ್ಟೇಜ್ ಮೆಟ್ಟಿಲಿಲ್ಲದೆ ಜಾರಬಲ್ಲದು, ಗಮಕಕ್ಕೆ ಬೇಕಾದದ್ದೂ ಅದೇ. ಆ ಜಾರುವಿಕೆಯನ್ನು ನಮ್ಮ ಸಂಗೀತಗಾರರು ಹೇಗೆ ದುಡಿಸಿಕೊಂಡರು ಎಂಬುದನ್ನು ಬೆನ್ನಟ್ಟುವ ಚಿತ್ರವನ್ನು ನಮ್ಮವರೇ ಮಾಡಬೇಕು.